ಅಗ್ಗ ಯಾರ ಲೆಕ್ಕದಲ್ಲಿ? ವಿದೇಶ ಸುತ್ತುವ, ಅಲ್ಲೇ ನೆಲೆಸುವ ಮುನ್ನ ತಿಳಿದಿರಬೇಕಾದ್ದು

ಹೋದ ಭಾನುವಾರ ಜಯನಗರದ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಅವರು ಬ್ಯಾಂಕ್ ಕೆಲಸದಿಂದ ನಿವೃತ್ತರಾಗಿ ಮೂರು ವರ್ಷ ಆಯಿತು. ಕಾಫಿ ಲೋಟ ಕೈಗೆ ಕೊಡುತ್ತಲೇ ಕೇಳಿದರು: "ಥಾಯ್ಲೆಂಡಲ್ಲಿ ತಿಂಗಳಿಗೆ ಸಾವಿರ ಡಾಲರ್ ಇದ್ರೆ ರಾಜನ ಹಾಗೆ ಬದುಕಬಹುದಂತೆ ಕಣೋ. ಯೂಟ್ಯೂಬಲ್ಲಿ ನೋಡಿದೆ. ನಿಜಾನಾ?"

ಒಳಗಿಂದ ಚಿಕ್ಕಮ್ಮನ ದನಿ ಬಂತು: "ಮೊದಲು ಹದಿನೈದು ದಿನ ಹೋಗಿ ಬರೋಣ ಅಂದ್ರೆ ಕೇಳಲ್ಲ. ಆಗಲೇ ಮನೆ ಬಾಡಿಗೆಗೆ ಕೊಡೋ ಮಾತಾಡ್ತಿದಾರೆ ನೋಡು."

ಈಗ ಈ ಪ್ರಶ್ನೆ ಬೆಂಗಳೂರಿನ ಬಹಳ ಮನೆಗಳಲ್ಲಿ ಏಳುತ್ತಿದೆ. ಮಕ್ಕಳು ಹೊರದೇಶದಲ್ಲಿದ್ದಾರೆ. ಇಲ್ಲಿ ಟ್ರಾಫಿಕ್ ಜಾಸ್ತಿ, ನೀರಿಗೆ ತಾಪತ್ರಯ. ದೇವನಹಳ್ಳಿಯಿಂದ ವಿಮಾನ ಹತ್ತಿದರೆ ಒಂದೂವರೆ ಗಂಟೆಯಲ್ಲಿ ಕೊಲಂಬೊ, ನಾಲ್ಕು ಗಂಟೆಯ ಹೊತ್ತಿಗೆ ಬ್ಯಾಂಕಾಕ್ ಅಥವಾ ಕೌಲಾಲಂಪುರ. ಹೋಗಿ ಬರಬೇಕು, ಸಾಧ್ಯವಾದರೆ ಅಲ್ಲೇ ಇರಬೇಕು ಅನ್ನಿಸುವುದು ಸಹಜ. ಆದರೆ ಯಾವ ದೇಶ ಅಗ್ಗ, ಯಾವುದು ಸುರಕ್ಷಿತ ಎಂದು ನೋಡುವ ಕ್ರಮ ಗೊತ್ತಿಲ್ಲದಿದ್ದರೆ ಬೇರೆಯವರ ಲೆಕ್ಕಕ್ಕೆ ನಾವು ದುಡ್ಡು ಕಟ್ಟಬೇಕಾಗುತ್ತದೆ. ಆ ಕ್ರಮವನ್ನು ಮೊದಲಿನಿಂದ ನೋಡೋಣ.

ನೋಟಿನ ಮೇಲಿನ ಸೊನ್ನೆಗಳು

ವಿಯೆಟ್ನಾಂಗೆ ಹೋಗಿ ಬಂದವರು ಮೊದಲು ಹೇಳುವ ಮಾತು: "ಅಲ್ಲಿ ನಾವು ಲಕ್ಷಾಧಿಪತಿಗಳು!" ನಮ್ಮ ಒಂದು ರೂಪಾಯಿಗೆ ಅಲ್ಲಿನ ಸುಮಾರು 300 ಡಾಂಗ್ ಸಿಗುತ್ತದೆ, ನಿಜ. ಆದರೆ ಅಲ್ಲಿ ಒಂದು ಕಾಫಿಗೂ ಸಾವಿರಗಟ್ಟಲೆ ಡಾಂಗ್ ಕೊಡಬೇಕು. ಜಪಾನಿನ ಒಂದು ಯೆನ್‌ಗೆ ನಮ್ಮ ಒಂದು ರೂಪಾಯಿ ಪೂರ್ತಿ ಬೇಡ, ಅರವತ್ತು ಪೈಸೆಯ ಆಸುಪಾಸು ಸಾಕು. ಹಾಗಂತ ಟೋಕಿಯೊ ಬೆಂಗಳೂರಿಗಿಂತ ಅಗ್ಗ ಅಲ್ವಲ್ಲ.

ಒಂದು ದೇಶದ ದುಡ್ಡಿಗೆ ಇನ್ನೊಂದು ದೇಶದ ದುಡ್ಡು ಎಷ್ಟು ಸಿಗುತ್ತದೆ ಎನ್ನುವುದು ವಿನಿಮಯ ದರ. ಆ ದುಡ್ಡಿಗೆ ಅಲ್ಲಿ ಏನೇನು ಬರುತ್ತದೆ ಎನ್ನುವುದು ಕೊಳ್ಳುವ ಶಕ್ತಿ. ನಮಗೆ ಬೇಕಾದದ್ದು ಎರಡನೆಯದು. ಇದನ್ನು ಅಳೆಯಲು ಸುಲಭ ದಾರಿ ಒಂದಿದೆ. ನೀವು ದಿನಾ ಬಳಸುವ ಹತ್ತು ವಸ್ತು ಬರೆದುಕೊಳ್ಳಿ: ಅರ್ಧ ಲೀಟರ್ ಹಾಲು, ಒಂದು ಕಿಲೋ ಟೊಮೆಟೊ, ಒಂದು ಸಸ್ಯಾಹಾರಿ ಊಟ, ಮೂರು ಕಿಲೋಮೀಟರ್ ಆಟೊ ಪ್ರಯಾಣ, ಬಿಪಿ ಮಾತ್ರೆಯ ಒಂದು ಸ್ಟ್ರಿಪ್, ವೈದ್ಯರ ಫೀಸು, ಒಂದು ತಿಂಗಳ ಕರೆಂಟ್ ಬಿಲ್, ಹೀಗೆ. ಹೋಗಬೇಕೆಂದಿರುವ ಊರಿನಲ್ಲಿ ಪ್ರತಿಯೊಂದರ ಬೆಲೆ ಹುಡುಕಿ ರೂಪಾಯಿಗೆ ತನ್ನಿ. ಆ ಊರಿನ ಸೂಪರ್‌ಮಾರ್ಕೆಟ್‌ಗಳ ಆ್ಯಪ್‌ನಲ್ಲೇ ಬೆಲೆ ಸಿಗುತ್ತದೆ. ಒಂದು ಸಂಜೆಯ ಕೆಲಸ, ಅಷ್ಟೇ.

ಅಗ್ಗ ಅಂತ ಹೇಳಿದ್ದು ಯಾರು?

ಚಿಕ್ಕಪ್ಪ ನೋಡಿದ ವಿಡಿಯೊ ಸುಳ್ಳು ಹೇಳಿರಲಿಲ್ಲ. ಅದನ್ನು ಮಾಡಿದವರು ಅಮೆರಿಕದವರು. ಅಲ್ಲಿನ ದೊಡ್ಡ ಊರಲ್ಲಿ ಬರೀ ಬಾಡಿಗೆಗೇ ಸಾವಿರ ಡಾಲರ್ ದಾಟುತ್ತದೆ. ಅಂಥವರಿಗೆ ಸಾವಿರ ಡಾಲರಿನಲ್ಲಿ ಇಡೀ ತಿಂಗಳು ನಡೆಯುವ ಊರು ಅಗ್ಗವೇ.

ನಾವು ಚಿಕ್ಕಪ್ಪನ ಖರ್ಚಿನ ಪುಸ್ತಕ ತೆಗೆದೆವು. ಅವರು ಉದ್ದದ ನೋಟ್‌ಬುಕ್ಕಿನಲ್ಲಿ ಕೆಂಪು ಗೆರೆ ಎಳೆದು ಪ್ರತಿ ತಿಂಗಳೂ ಬರೆಯುತ್ತಾರೆ. ನಂದಿನಿ ಹಾಲು, ಪೇಪರ್, ತರಕಾರಿ, ಮನೆಕೆಲಸದವರ ಸಂಬಳ, ನೀರಿನ ಬಿಲ್ಲು, ಗ್ಯಾಸು, ಮಾತ್ರೆ, ಮದುವೆ ಮುಂಜಿಗೆ ಕೊಟ್ಟ ಉಡುಗೊರೆ, ಎಲ್ಲ ಇದೆ. ಇಬ್ಬರಿಗೆ ತಿಂಗಳಿಗೆ 52 ಸಾವಿರ ಆಗುತ್ತಿತ್ತು. ಅದರಲ್ಲಿ ಬಾಡಿಗೆ ಎಂಬ ಸಾಲೇ ಇಲ್ಲ, ಮನೆ ಸ್ವಂತದ್ದು. ಸಾವಿರ ಡಾಲರ್ ಅಂದರೆ ಸುಮಾರು 90 ಸಾವಿರ ರೂಪಾಯಿ. ಅಂದರೆ ಇಲ್ಲಿಗಿಂತ ತಿಂಗಳಿಗೆ ಸುಮಾರು 38 ಸಾವಿರ ಜಾಸ್ತಿ ಕೊಟ್ಟು ಅವರು "ಅಗ್ಗದ" ದೇಶಕ್ಕೆ ಹೋಗಲು ಹೊರಟಿದ್ದರು.

ನಾನು ಹೇಳಬೇಕೆಂದಿರುವ ಮುಖ್ಯ ಸಂಗತಿ ಇದೇ. ಅಗ್ಗ ಎನ್ನುವುದು ಊರಿನ ಗುಣ ಅಲ್ಲ. ಅದು ನಿಮ್ಮ ಈಗಿನ ಖರ್ಚಿಗೂ ಆ ಊರಿನ ಖರ್ಚಿಗೂ ಇರುವ ವ್ಯತ್ಯಾಸ. ಬೆಂಗಳೂರಲ್ಲಿ ಸ್ವಂತ ಮನೆ ಇರುವವರಿಗೂ, ವೈಟ್‌ಫೀಲ್ಡಲ್ಲಿ ತಿಂಗಳಿಗೆ 50 ಸಾವಿರ ಬಾಡಿಗೆ ಕಟ್ಟುವವರಿಗೂ ಉತ್ತರ ಬೇರೆ ಬೇರೆ. ಇಲ್ಲಿನ ಮನೆ ಬಾಡಿಗೆಗೆ ಹೋದರೆ ಆ ಹಣವನ್ನೂ ಸೇರಿಸಿ ನೋಡಬೇಕು, ಹೌದು. ಆದರೆ ಮನೆ ಖಾಲಿ ಬೀಳುವ ತಿಂಗಳು, ಪೇಂಟು, ರಿಪೇರಿ ಕಳೆದ ಮೇಲೆ ಉಳಿಯುವುದನ್ನಷ್ಟೇ ಸೇರಿಸಿ.

ಇದರ ಅರ್ಥ ಹೋಗಬಾರದು ಅಂತಲ್ಲ. ಒಳ್ಳೆಯ ಫುಟ್‌ಪಾತ್, ಸಮುದ್ರದ ಗಾಳಿ, ಗಲಾಟೆ ಇಲ್ಲದ ಬೆಳಗು, ಇವುಗಳಿಗೆ ಬೆಲೆ ಇದೆ. ಎಷ್ಟು ಕೊಡುತ್ತಿದ್ದೇವೆ ಎಂದು ಗೊತ್ತಿದ್ದು ಕೊಟ್ಟರೆ ಅದು ನಿಮ್ಮ ಖುಷಿ.

ಟಿಕೆಟ್ ಆದ ಮೇಲೆ ಕೈಬಿಡುವ ದುಡ್ಡು

ಪ್ರವಾಸದ ಬಜೆಟ್‌ನಲ್ಲಿ ಟಿಕೆಟ್, ಹೋಟೆಲು ಎಲ್ಲರೂ ಬರೆಯುತ್ತಾರೆ. ದುಡ್ಡು ಸೋರುವುದು ಬೇರೆ ಕಡೆ.

ನಮ್ಮ ಸಾಮಾನ್ಯ ಡೆಬಿಟ್, ಕ್ರೆಡಿಟ್ ಕಾರ್ಡ್ ವಿದೇಶದಲ್ಲಿ ಉಜ್ಜಿದರೆ ಬಹಳಷ್ಟು ಬ್ಯಾಂಕುಗಳು ಶೇ 2ರಿಂದ 3.5ರವರೆಗೆ ಹೆಚ್ಚುವರಿ ಶುಲ್ಕ ಹಾಕುತ್ತವೆ. ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ ಬೇರೆ. ಥಾಯ್ಲೆಂಡಿನ ಎಟಿಎಂಗಳು ವಿದೇಶಿ ಕಾರ್ಡಿಗೆ ಪ್ರತಿ ಸಲವೂ ಸುಮಾರು 220 ಬಾತ್ ಕಡಿಯುತ್ತವೆ. ಹಾಗಾಗಿ ಸ್ವಲ್ಪ ಸ್ವಲ್ಪ ಹಣ ಹತ್ತು ಸಲ ತೆಗೆಯುವುದಕ್ಕಿಂತ ಒಂದೆರಡು ಸಲ ತೆಗೆಯುವುದು ಒಳ್ಳೆಯದು. ಅಂಗಡಿಯ ಯಂತ್ರ "ರೂಪಾಯಿಯಲ್ಲಿ ಕಟ್ಟುತ್ತೀರಾ, ಬಾತ್‌ನಲ್ಲಿ ಕಟ್ಟುತ್ತೀರಾ" ಎಂದು ಕೇಳಿದರೆ ಯಾವಾಗಲೂ ಆ ದೇಶದ ದುಡ್ಡನ್ನೇ ಆರಿಸಿ. ರೂಪಾಯಿ ಎಂದರೆ ದರ ನಿಗದಿ ಮಾಡುವುದು ಅಂಗಡಿಯ ಕಡೆಯ ಕಂಪನಿ, ಅದರ ಲಾಭವೂ ಆ ದರದಲ್ಲೇ ಸೇರಿರುತ್ತದೆ. ಶ್ರೀಲಂಕಾ, ನೇಪಾಳ, ಭೂತಾನ್, ಮಾರಿಷಸ್, ಸಿಂಗಾಪುರ, ಯುಎಇಗಳ ಕೆಲವು ಅಂಗಡಿಗಳಲ್ಲಿ ನಮ್ಮ ಯುಪಿಐ ನಡೆಯುತ್ತದೆ. ಅದನ್ನು ನಂಬಿಕೊಂಡು ಬರಿಗೈಯಲ್ಲಿ ಮಾತ್ರ ಹೋಗಬೇಡಿ.

ಇನ್ನು ಎರಡು ಹೆಸರು ಕಿವಿಗೆ ಬೀಳುತ್ತಿರುತ್ತವೆ: ಎಲ್‌ಆರ್‌ಎಸ್ ಮತ್ತು ಟಿಸಿಎಸ್. ಭಾರತದಲ್ಲಿ ವಾಸವಿರುವ ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಹೊರದೇಶಕ್ಕೆ ಕಳಿಸಬಹುದು. ರಿಸರ್ವ್ ಬ್ಯಾಂಕ್ 2004ರಲ್ಲಿ ತಂದ ಈ ವ್ಯವಸ್ಥೆಗೆ ಎಲ್‌ಆರ್‌ಎಸ್ ಎನ್ನುತ್ತಾರೆ. ಹಾಗೆ ಕಳಿಸುವಾಗ, ಅಥವಾ ಏಜೆನ್ಸಿಯಿಂದ ವಿದೇಶ ಪ್ರವಾಸದ ಪ್ಯಾಕೇಜ್ ಕೊಳ್ಳುವಾಗ, ಸರ್ಕಾರದ ಪರವಾಗಿ ಮುಂಗಡವಾಗಿ ಹಿಡಿಯುವ ತೆರಿಗೆ ಟಿಸಿಎಸ್. ನೀವೇ ಹಣ ಕಳಿಸುವುದಾದರೆ ವರ್ಷಕ್ಕೆ 10 ಲಕ್ಷದವರೆಗೆ ಟಿಸಿಎಸ್ ಇಲ್ಲ, ಈ ಮಿತಿ ಬಂದದ್ದು 2025ರ ಏಪ್ರಿಲ್‌ನಲ್ಲಿ. ಪ್ಯಾಕೇಜಿಗೆ ಮೊದಲ ರೂಪಾಯಿಯಿಂದಲೇ ಹಿಡಿಯುತ್ತಾರೆ. ಇದು ಹೋಗಿಯೇ ಬಿಟ್ಟ ದುಡ್ಡಲ್ಲ. ಐಟಿ ರಿಟರ್ನ್ ಸಲ್ಲಿಸುವಾಗ ನಿಮ್ಮ ತೆರಿಗೆಗೆ ವಜಾ ಆಗುತ್ತದೆ, ತೆರಿಗೆಯೇ ಇಲ್ಲದಿದ್ದರೆ ವಾಪಸ್ ಬರುತ್ತದೆ. ರಿಟರ್ನ್ ಹಾಕದ ಹಿರಿಯರು ಆ ವರ್ಷ ಹಾಕಲೇಬೇಕು, ಇಲ್ಲದಿದ್ದರೆ ಹಣ ಅಲ್ಲೇ ಉಳಿಯುತ್ತದೆ.

ವೀಸಾ: ನೆಂಟರ ಮನೆ ಬೇರೆ, ಬಾಡಿಗೆ ಮನೆ ಬೇರೆ

ನೆಂಟರಾಗಿ ಹೋದರೆ ನಾಲ್ಕು ದಿನ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಅಲ್ಲೇ ಉಳಿಯುತ್ತೇನೆ ಎಂದರೆ ಮಾತುಕತೆ ಬೇರೆ. ದೇಶಗಳೂ ಹಾಗೆಯೇ. "ಭಾರತೀಯರಿಗೆ ವೀಸಾ ಬೇಡ" ಎಂಬ ಸುದ್ದಿ ಪ್ರವಾಸಿಗಳಿಗೆ ಸಂಬಂಧಿಸಿದ್ದು. ಮಲೇಷ್ಯಾ 2023ರ ಡಿಸೆಂಬರ್‌ನಿಂದ ನಮಗೆ 30 ದಿನ ವೀಸಾ ಇಲ್ಲದೆ ಬರಲು ಬಿಟ್ಟಿತು. ವಿಯೆಟ್ನಾಂ 2023ರ ಆಗಸ್ಟ್‌ನಿಂದ 90 ದಿನಗಳ ಇ-ವೀಸಾ ಕೊಡುತ್ತಿದೆ. ಶ್ರೀಲಂಕಾಗೆ ಇಟಿಎ ಎಂಬ ಆನ್‌ಲೈನ್ ಅನುಮತಿ ಸಾಕು. ನೇಪಾಳಕ್ಕೆ 1950ರ ಒಪ್ಪಂದದ ಕಾರಣ ವೀಸಾದ ಮಾತೇ ಇಲ್ಲ, ಅಲ್ಲಿನ ರೂಪಾಯಿ ನಮ್ಮ ಒಂದಕ್ಕೆ 1.60 ಎಂದು ಕಟ್ಟಿಹಾಕಿದ್ದರಿಂದ ಲೆಕ್ಕವೂ ಸಲೀಸು. ಭೂತಾನದ ದುಡ್ಡು ನಮ್ಮದಕ್ಕೆ ಸಮ. ಆದರೆ ಅಲ್ಲಿ ಪ್ರತಿ ರಾತ್ರಿಗೆ ತಲೆಗೆ 1,200 ರೂಪಾಯಿ ಶುಲ್ಕ ಇದೆ, ನಾಲ್ಕು ಜನ ದೊಡ್ಡವರು ಐದು ರಾತ್ರಿ ಉಳಿದರೆ ಅದೇ 24 ಸಾವಿರ.

ನೆಲೆಸಲು ಬೇಕಾದದ್ದು ದೀರ್ಘಾವಧಿಯ ವೀಸಾ. ಅದಕ್ಕೆ ಆ ದೇಶ ಕೇಳುವುದು ಒಂದೇ: "ನಮ್ಮ ಜನರ ಕೆಲಸ ಕಿತ್ತುಕೊಳ್ಳದೆ, ನಮ್ಮ ಬೊಕ್ಕಸಕ್ಕೆ ಭಾರ ಆಗದೆ ಬದುಕಬಲ್ಲಿರಾ?" ಅದಕ್ಕೇ ಹಣ ತೋರಿಸಬೇಕು. ಥಾಯ್ಲೆಂಡಿನ ನಿವೃತ್ತಿ ವೀಸಾಗೆ ವಯಸ್ಸು 50 ಆಗಿರಬೇಕು. ಅಲ್ಲಿನ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇಡಬೇಕು, ಇಲ್ಲವೇ ತಿಂಗಳಿಗೆ 65 ಸಾವಿರ ಬಾತ್ ಆದಾಯ ತೋರಿಸಬೇಕು. ಒಂದು ಬಾತ್‌ಗೆ 2.75 ರೂಪಾಯಿ ಎಂದು ಹಿಡಿದರೆ ಠೇವಣಿ 22 ಲಕ್ಷ, ಆದಾಯವಾದರೆ ತಿಂಗಳಿಗೆ ಹತ್ತಿರ ಹತ್ತಿರ 1.8 ಲಕ್ಷ. 90 ದಿನಕ್ಕೊಮ್ಮೆ ವಲಸೆ ಕಚೇರಿಗೆ ವಿಳಾಸ ತಿಳಿಸಬೇಕು. ಮಲೇಷ್ಯಾದ "ಎರಡನೇ ಮನೆ" ಯೋಜನೆಯ ಸಿಲ್ವರ್ ಹಂತಕ್ಕೇ 1,50,000 ಡಾಲರ್ ಠೇವಣಿ, ಜತೆಗೆ ಅಲ್ಲಿ ಮನೆ ಕೊಳ್ಳಬೇಕು. ಶ್ರೀಲಂಕಾ 55 ದಾಟಿದವರಿಗೆ ಇಟ್ಟ ಯೋಜನೆಯಲ್ಲಿ 15,000 ಡಾಲರ್ ಠೇವಣಿ, ಪ್ರತಿ ತಿಂಗಳು 1,500 ಡಾಲರ್ ತರಿಸಿಕೊಳ್ಳಬೇಕು. ಪೋರ್ಚುಗಲ್ ತನ್ನ ದೇಶದ ಕನಿಷ್ಠ ವೇತನದಷ್ಟು ಆದಾಯ ದುಡಿಯದೆ ಬರುತ್ತಿದೆ ಎಂದು ತೋರಿಸಲು ಹೇಳುತ್ತದೆ. ಆ ಆದಾಯ ಪಿಂಚಣಿ, ಬಾಡಿಗೆ, ಬಡ್ಡಿ ಯಾವುದೂ ಆಗಬಹುದು.

ಈ ನಿಯಮಗಳು ವರ್ಷ ವರ್ಷ ಬದಲಾಗುತ್ತವೆ. ಹಣ ಕಟ್ಟುವ ವಾರ ಆ ದೇಶದ ರಾಯಭಾರ ಕಚೇರಿಯ ವೆಬ್‌ಸೈಟ್ ನೀವೇ ತೆರೆದು ಓದಿ. ಪ್ರವಾಸಿ ವೀಸಾದಲ್ಲಿ ಹೋಗಿ, ಪಕ್ಕದ ದೇಶಕ್ಕೆ ಕಾಲಿಟ್ಟು ಮತ್ತೆ ವಾಪಸ್ ಬರುತ್ತಾ ವರ್ಷ ಕಳೆಯಬಹುದು ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಒಂದು ದಿನ ಗಡಿಯಲ್ಲಿ ತಡೆದರೆ ನಿಮ್ಮ ಸಾಮಾನೆಲ್ಲ ಒಳಗಿರುತ್ತದೆ, ನೀವು ಹೊರಗಿರುತ್ತೀರಿ.

ಸುರಕ್ಷಿತ ಅಂದರೆ ಯಾವುದರಿಂದ?

ಸುರಕ್ಷತೆ ಎಂದ ಕೂಡಲೇ ಕಳ್ಳತನ, ಕೊಲೆ ನೆನಪಾಗುತ್ತದೆ. ಜಾಗತಿಕ ಶಾಂತಿ ಸೂಚ್ಯಂಕದಂಥ ಪಟ್ಟಿಗಳಿವೆ, 2008ರಿಂದ ಅದರಲ್ಲಿ ಐಸ್‌ಲ್ಯಾಂಡೇ ಮೊದಲು. ಆದರೆ ಆ ಪಟ್ಟಿ ಯುದ್ಧ, ಸೇನೆ, ಅಪರಾಧ ಎಲ್ಲವನ್ನೂ ಕಲಸಿ ಒಂದು ಅಂಕ ಕೊಡುತ್ತದೆ. 65 ವರ್ಷದ ದಂಪತಿಗೆ ಎದುರಾಗುವ ಅಪಾಯ ಬೇರೆ.

ಮೊದಲನೆಯದು ರಸ್ತೆ. ಆಗ್ನೇಯ ಏಷ್ಯಾದಲ್ಲಿ ರಸ್ತೆ ಸಾವು ಬಹಳ ಜಾಸ್ತಿ ಇರುವ ದೇಶಗಳಲ್ಲಿ ಥಾಯ್ಲೆಂಡ್ ಒಂದು, ಸಾಯುವವರಲ್ಲಿ ಹೆಚ್ಚಿನವರು ದ್ವಿಚಕ್ರ ವಾಹನದವರು. ನಮ್ಮ ಹುಡುಗರು ಫುಕೆಟ್‌ನಲ್ಲಿ ಇಳಿದ ಕೂಡಲೇ ಬಾಡಿಗೆ ಸ್ಕೂಟರ್ ಹತ್ತುತ್ತಾರೆ. ದ್ವಿಚಕ್ರಕ್ಕೆ ಅನ್ವಯಿಸುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇಲ್ಲದಿದ್ದರೆ, ಬಿದ್ದಾಗ ವಿಮಾ ಕಂಪನಿ ಕೈ ಎತ್ತಬಹುದು. ಈ ಪರವಾನಗಿ ನಮ್ಮ ಆರ್‌ಟಿಒ ಕಚೇರಿಯಲ್ಲೇ ಸಿಗುತ್ತದೆ, ಒಂದು ವರ್ಷ ನಡೆಯುತ್ತದೆ. ಸ್ಕೂಟರಿಗೆ ಒತ್ತೆಯಾಗಿ ಪಾಸ್‌ಪೋರ್ಟ್ ಕೇಳಿದರೆ ಕೊಡಬೇಡಿ, ಬೇರೆ ಅಂಗಡಿ ನೋಡಿ.

ಎರಡನೆಯದು ಗಾಳಿ, ಮಳೆ. ನಿವೃತ್ತರ ಊರೆಂದು ಹೆಸರಾದ ಚಿಯಾಂಗ್ ಮೈನಲ್ಲಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೊಲ, ಕಾಡು ಸುಡುವ ಹೊಗೆ ಕವಿಯುತ್ತದೆ. ಉಬ್ಬಸ ಇರುವವರು ಜನವರಿಯ ವಿಡಿಯೊ ನೋಡಿ ತೀರ್ಮಾನಿಸಬಾರದು. ಮಧ್ಯ ವಿಯೆಟ್ನಾಂನ ಹೊಯಿ ಆನ್‌ನಲ್ಲಿ ಅಕ್ಟೋಬರ್, ನವೆಂಬರ್ ಎಂದರೆ ನೆರೆ. ಹೋಟೆಲು ದಿಢೀರನೆ ಅರ್ಧ ಬೆಲೆಗೆ ಸಿಕ್ಕರೆ ಆ ತಿಂಗಳ ಹವಾಮಾನ ನೋಡಿ.

ಮೂರನೆಯದು ರಾಜಕೀಯ, ಅದು ಬೇಗ ಬದಲಾಗುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಯುವಕರ ಪ್ರತಿಭಟನೆ ಎದ್ದು ಕಠ್ಮಂಡುವಿನ ವಿಮಾನ ನಿಲ್ದಾಣವೇ ಮುಚ್ಚಿತು. ಅದೇ ವರ್ಷ ಜುಲೈನಲ್ಲಿ ಥಾಯ್ಲೆಂಡ್, ಕಾಂಬೋಡಿಯ ಗಡಿಯಲ್ಲಿ ಗುಂಡು ಹಾರಿತು. ಆದರೆ ಫುಕೆಟ್ ಆ ಗಡಿಯಿಂದ ನೂರಾರು ಕಿಲೋಮೀಟರ್ ದೂರ. ಹಾಗಾಗಿ "ಆ ದೇಶ ಹೇಗೆ" ಎಂದು ಕೇಳುವುದಕ್ಕಿಂತ "ಆ ಊರು, ಆ ತಿಂಗಳು ಹೇಗೆ" ಎಂದು ಕೇಳುವುದು ಉಪಯೋಗ. ನಮ್ಮ ವಿದೇಶಾಂಗ ಸಚಿವಾಲಯ ಎಚ್ಚರಿಕೆ ಪ್ರಕಟಿಸುತ್ತದೆ. ವೀಸಾ ಬೇಡ ಎಂಬ ಆಸೆ ತೋರಿಸಿ ಇರಾನಿಗೆ ಕರೆದೊಯ್ದು ಕೆಲವು ಭಾರತೀಯರನ್ನು ಅಪಹರಿಸಿದ್ದರು. ಆಮೇಲೆ 2025ರ ನವೆಂಬರ್‌ನಲ್ಲಿ ಇರಾನ್ ಆ ಸೌಲಭ್ಯವನ್ನೇ ನಿಲ್ಲಿಸಿತು. ವೀಸಾ ಸುಲಭ ಎನ್ನುವುದು ಸುರಕ್ಷತೆಯ ಗುರುತು ಅಲ್ಲ.

ನಾಲ್ಕನೆಯದು ಕಾನೂನು. ಇದನ್ನು ನಮ್ಮ ಅಡುಗೆಮನೆಯಿಂದಲೇ ಹೇಳುತ್ತೇನೆ. ಮಗಳ ಬಾಣಂತನಕ್ಕೆ ದುಬೈಗೋ ಸಿಂಗಾಪುರಕ್ಕೋ ಹೊರಟ ತಾಯಿ, ಪಾಯಸಕ್ಕೆಂದು ಒಂದು ಪೊಟ್ಟಣ ಗಸಗಸೆ ಬ್ಯಾಗಿಗೆ ಹಾಕುವುದು ನಮ್ಮಲ್ಲಿ ಮಾಮೂಲು. ಯುಎಇ, ಸೌದಿ, ಸಿಂಗಾಪುರಗಳಲ್ಲಿ ಗಸಗಸೆ ನಿಷಿದ್ಧ, ಏಕೆಂದರೆ ಅದು ಅಫೀಮು ಗಿಡದ ಬೀಜ. ಮಾದಕವಸ್ತು ಕಾನೂನು ಅಲ್ಲಿ ಬಹಳ ಕಠಿಣ. ದಯವಿಟ್ಟು ಬ್ಯಾಗ್ ಕಟ್ಟುವಾಗ ಡಬ್ಬಿಗಳನ್ನು ಒಂದೊಂದಾಗಿ ನೋಡಿ.

ಆಸ್ಪತ್ರೆ, ವಿಮೆ, ಮಾತ್ರೆ

ಇಲ್ಲಿ ಸ್ವಲ್ಪ ನಿಂತು ಯೋಚಿಸಿ, ಹಿರಿಯರ ಬಜೆಟ್ ತಲೆಕೆಳಗಾಗುವುದು ಇಲ್ಲೇ. ನಮ್ಮ ಸಾಮಾನ್ಯ ಆರೋಗ್ಯ ವಿಮೆ ಬಹುತೇಕ ಭಾರತದೊಳಗಿನ ಚಿಕಿತ್ಸೆಗೆ ಮಾತ್ರ. ಜಯದೇವದಂಥ ಸರ್ಕಾರಿ ಹೃದ್ರೋಗ ಆಸ್ಪತ್ರೆಯ ದರ ಹೊರದೇಶದಲ್ಲಿ ಪರದೇಶಿಗೆ ಸಿಗುವುದಿಲ್ಲ.

ಪ್ರವಾಸ ವಿಮೆ ಕೊಳ್ಳುವಾಗ ಮೂರು ಪ್ರಶ್ನೆ ಕೇಳಿ. ಈಗಾಗಲೇ ಇರುವ ಸಕ್ಕರೆ ಕಾಯಿಲೆ, ಬಿಪಿಯಿಂದ ತೊಂದರೆಯಾದರೆ ಕೊಡುತ್ತೀರಾ? ಆಸ್ಪತ್ರೆಗೆ ನೀವೇ ನೇರವಾಗಿ ಕಟ್ಟುತ್ತೀರಾ, ನಾವು ಕಟ್ಟಿ ಆಮೇಲೆ ಪಡೆಯಬೇಕಾ? ತೀರಿಕೊಂಡರೆ ದೇಹವನ್ನು ಊರಿಗೆ ತರುವ ಖರ್ಚು ಸೇರಿದೆಯಾ? ಮೂರನೆಯದನ್ನು ಕೇಳಲು ಬಾಯಿ ಬರುವುದಿಲ್ಲ, ನನಗೆ ಗೊತ್ತು. ಆದರೂ ಕೇಳಿ. ಕಾಯಿಲೆಯನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ. ಯುರೋಪಿನ ಷೆಂಗೆನ್ ವೀಸಾಗೆ ಕನಿಷ್ಠ 30 ಸಾವಿರ ಯೂರೊ ವಿಮೆ ಕಡ್ಡಾಯ, ಉಳಿದ ಕಡೆ ಯಾರೂ ಕೇಳದಿದ್ದರೂ ಮಾಡಿಸಿ.

ಮಾತ್ರೆಗಳನ್ನು ಅಂಗಡಿಯಲ್ಲಿ ಕೊಟ್ಟ ಸ್ಟ್ರಿಪ್‌ನಲ್ಲೇ ಇಟ್ಟು, ವೈದ್ಯರ ಚೀಟಿಯ ಜತೆ ಕೈಚೀಲದಲ್ಲಿ ಒಯ್ಯಿರಿ. ನೋವಿಗೆ ಕೊಡುವ ಟ್ರಾಮಡಾಲ್, ಕೊಡೀನ್ ಇರುವ ಕೆಮ್ಮಿನ ಸಿರಪ್ ಹಲವು ದೇಶಗಳಲ್ಲಿ ನಿಯಂತ್ರಿತ ಔಷಧ.

ಪಿಂಚಣಿ ರೂಪಾಯಿಯಲ್ಲಿ, ಖರ್ಚು ಬಾತ್‌ನಲ್ಲಿ

2014ರಲ್ಲಿ ಒಂದು ಡಾಲರಿಗೆ 60 ರೂಪಾಯಿಯ ಆಸುಪಾಸು ಇತ್ತು. 2025ರ ಕೊನೆಗೆ 90 ದಾಟಿತು. 2014ರಲ್ಲಿ ಒಂದು ಬಾತ್‌ಗೆ ಎರಡು ರೂಪಾಯಿಯೂ ಇರಲಿಲ್ಲ, ಈಗ ಎರಡೂಮುಕ್ಕಾಲಿನ ಹತ್ತಿರ. ಅಂದರೆ ಅಲ್ಲಿ ಯಾವ ಬೆಲೆಯೂ ಏರದಿದ್ದರೂ, ನಮ್ಮ ರೂಪಾಯಿಯಲ್ಲಿ ಬಾಡಿಗೆ ಸುಮಾರು ಅರ್ಧದಷ್ಟು ಏರಿದಂತೆ. ಹತ್ತಿಪ್ಪತ್ತು ವರ್ಷ ಅಲ್ಲಿರುವ ಯೋಚನೆ ಇದ್ದರೆ ಈ ಇಳಿತವನ್ನೂ ಲೆಕ್ಕಕ್ಕೆ ಸೇರಿಸಿ.

ತೆರಿಗೆಯ ದೃಷ್ಟಿಯಿಂದಲೂ ಗುರುತು ಬದಲಾಗುತ್ತದೆ. ಸಾಮಾನ್ಯವಾಗಿ ಹಣಕಾಸು ವರ್ಷದಲ್ಲಿ 182 ದಿನ ಭಾರತದಲ್ಲಿದ್ದರೆ ನೀವು ಇಲ್ಲಿನ ನಿವಾಸಿ. ಹೊರಗೇ ನೆಲೆಸಿ ಎನ್‌ಆರ್‌ಐ ಆದರೆ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ (ಅನಿವಾಸಿಗಳಿಗೆ ಇರುವ ರೂಪಾಯಿ ಖಾತೆ) ಬದಲಿಸಬೇಕು. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಹೊಸದಾಗಿ ಹಣ ಇಡುವಂತಿಲ್ಲ. ಇಲ್ಲಿನ ಮನೆಯ ಬಾಡಿಗೆದಾರರು ಬಾಡಿಗೆಯಲ್ಲಿ ಶೇ 30ಕ್ಕೂ ಜಾಸ್ತಿ ಟಿಡಿಎಸ್ ಹಿಡಿದು ಕಟ್ಟಬೇಕು. ನಿಮ್ಮ ತೆರಿಗೆಗಿಂತ ಹೆಚ್ಚು ಹಿಡಿದದ್ದನ್ನು ರಿಟರ್ನ್ ಹಾಕಿ ವಾಪಸ್ ಪಡೆಯಬಹುದು, ಆದರೆ ತಿಂಗಳ ಕೈಗಾಸು ಕಡಿಮೆ ಆಗುತ್ತದೆ. ಚಿಕ್ಕಪ್ಪ ಬ್ಯಾಂಕಿನವರಾದರೂ ಈ ಕೊನೆಯದು ಅವರ ಲೆಕ್ಕದಲ್ಲಿ ಇರಲಿಲ್ಲ. ಅತ್ತ ಥಾಯ್ಲೆಂಡ್ ಕೂಡ ವರ್ಷಕ್ಕೆ 180 ದಿನ ಇರುವವರು ಹೊರಗಿನಿಂದ ತರುವ ಆದಾಯವನ್ನು 2024ರಿಂದ ತೆರಿಗೆಗೆ ಒಳಪಡಿಸಿದೆ. ಎರಡು ಕಡೆ ತೆರಿಗೆ ಬೀಳದಂತೆ ದೇಶಗಳ ನಡುವೆ ಒಪ್ಪಂದಗಳಿವೆ. ಇಲ್ಲಿ ಮಾತ್ರ ಒಬ್ಬ ಚಾರ್ಟರ್ಡ್ ಅಕೌಂಟೆಂಟ್ ಹತ್ತಿರ ಕೂತು ಮಾತಾಡುವುದು ದುಡ್ಡು ಉಳಿಸುವ ಕೆಲಸ. ಪಿಂಚಣಿದಾರರು ನವೆಂಬರ್‌ನ ಜೀವನ ಪ್ರಮಾಣಪತ್ರವನ್ನೂ ಮರೆಯಬಾರದು, ಅದನ್ನು ಹೊರಗಿನಿಂದಲೂ ಕೊಡಬಹುದು.

ಒಂದು ತಿಂಗಳು ಬಾಡಿಗೆಗೆ ಇದ್ದು ನೋಡುವುದು

ಪ್ರವಾಸಿಯಾಗಿ ನೋಡಿದ ಊರು, ವಾಸವಿದ್ದು ನೋಡಿದ ಊರು ಎರಡೂ ಬೇರೆ. ಹಾಗಾಗಿ ಮೊದಲು ಒಂದು ತಿಂಗಳು, ಆದಷ್ಟು ಆ ಊರಿನ ಕೆಟ್ಟ ಹವಾಮಾನದಲ್ಲೇ, ಹೋಟೆಲಿನಲ್ಲಲ್ಲದೆ ಅಡುಗೆಮನೆ ಇರುವ ಬಾಡಿಗೆ ಮನೆಯಲ್ಲಿ ಇದ್ದು ನೋಡಿ. ಹತ್ತಿರದ ಆಸ್ಪತ್ರೆಗೆ ರಾತ್ರಿ ಎಷ್ಟು ಹೊತ್ತಾಗುತ್ತದೆ ಎಂದು ಒಮ್ಮೆ ಹೋಗಿ ಬನ್ನಿ. ಸಂತೆಗೆ ಹೋಗಿ. ಸಸ್ಯಾಹಾರಿಗಳಾದರೆ ಥಾಯ್ಲೆಂಡಿನಲ್ಲಿ "ಜೇ", ವಿಯೆಟ್ನಾಂನಲ್ಲಿ "ಚಯ್" ಎಂಬ ಪದ ಕಲಿತಿರಿ. ಬರೀ ತರಕಾರಿ ಎಂದರೆ ಮೀನಿನ ಸಾಸ್ ಹಾಕಿಯೇ ಕೊಡುತ್ತಾರೆ. ಪಾಸ್‌ಪೋರ್ಟ್‌ನಲ್ಲಿ ಇನ್ನೂ ಆರು ತಿಂಗಳು ಅವಧಿ ಇರಲಿ. ಆ ತಿಂಗಳ ಖರ್ಚನ್ನು ಇಲ್ಲಿ ಬರೆಯುವ ಪುಸ್ತಕದಲ್ಲೇ ಬರೆಯಿರಿ.

ಲೆಕ್ಕ ಮುಗಿಯುವ ಹೊತ್ತಿಗೆ ಚಿಕ್ಕಪ್ಪನ ಪುಸ್ತಕದಲ್ಲಿ ಎರಡು ಪುಟ ತುಂಬಿತ್ತು. ಮನೆ ಬಾಡಿಗೆಗೆ ಕೊಡುವ ಮಾತು ಸದ್ಯಕ್ಕೆ ನಿಂತಿತು. ಹತ್ತಿರ ಇದೆ, ಏನಾದರೂ ಆದರೆ ಕೊಲಂಬೊದಿಂದ ಒಂದೂವರೆ ಗಂಟೆಯ ವಿಮಾನದಲ್ಲಿ ವಾಪಸ್ ಬರಬಹುದು ಎಂದು ಮೊದಲ ತಿಂಗಳಿಗೆ ಶ್ರೀಲಂಕಾದ ಕ್ಯಾಂಡಿ ಆರಿಸಿದರು. 2025ರ ನವೆಂಬರ್‌ನ ದಿತ್ವಾ ಚಂಡಮಾರುತಕ್ಕೆ ಆ ಕಡೆಯ ಗುಡ್ಡಗಳು ಕುಸಿದಿದ್ದು ಇಬ್ಬರಿಗೂ ಗೊತ್ತಿದೆ. ಅದಕ್ಕೇ ಇಳಿಜಾರಿನ ಮನೆ ಬೇಡ, ಪೇಟೆಯೊಳಗೆ ಸಮತಟ್ಟು ಜಾಗದಲ್ಲೇ ನೋಡೋಣ ಎಂದು ಪುಸ್ತಕದಲ್ಲಿ ಬರೆದುಕೊಂಡರು.

"ಅಲ್ಲಿ ಕರಿಬೇವು ಸಿಗುತ್ತಾ?" ಎಂದು ಚಿಕ್ಕಮ್ಮ ಕೇಳಿದರು. ಕರಪಿಂಚ ಅಂತಾರೆ, ಸಂತೆಯಲ್ಲೆಲ್ಲ ಇರುತ್ತೆ, ಮಡಕೆಯಲ್ಲಿ ಹೆಪ್ಪು ಹಾಕಿದ ಎಮ್ಮೆ ಮೊಸರೂ ಸಿಗುತ್ತೆ ಎಂದೆ. ಆದರೆ ಸಂಬಲ್ ಅನ್ನೋ ಅಲ್ಲಿನ ತೆಂಗಿನಕಾಯಿ ಚಟ್ನಿಯಲ್ಲಿ ಒಣಮೀನಿನ ಪುಡಿ ಇರುತ್ತೆ, ಕೇಳಿಯೇ ತಿನ್ನಿ ಎಂದೂ ಹೇಳಿದೆ. ಅವರು ಚಿಕ್ಕಪ್ಪನ ಕೈಯಿಂದ ಪುಸ್ತಕ ಇಸಿದುಕೊಂಡು, ಕೆಳಗೆ ಉಳಿದ ಜಾಗದಲ್ಲಿ "ಸಂಬಲ್: ಕೇಳಬೇಕು" ಎಂದು ಬರೆದರು.